ನೀವೂ ಗಂಗೋತ್ರೀನಾ?

ಪರದೇಶದಲ್ಲಿ ಕನ್ನಡದವರು ಸಿಕ್ಕರೆ ಮೊದಲ ಪ್ರಶ್ನೆ ಯಾವೂರು ಅಂತ. ಎರಡನೆಯದು ಎಲ್ಲಿ ಓದಿದ್ದು ಅಂತ. ಎರಡನೆಯದಕ್ಕೆ ಮೈಸೂರು ಅನ್ನುವ ಉತ್ತರ ಬಂದರೆ ಸಾಕು, ಕೈಯಲ್ಲಿದ್ದ ತಟ್ಟೆ ಪಕ್ಕಕ್ಕಿಟ್ಟು "ಅಯ್ಯೋ, ನಾನೂ ಮೈಸೂರ್ ಯೂನಿವರ್ಸಿಟೀನೇ! ನೀವೂ ಗಂಗೋತ್ರೀನಾ?" ಅಂತ ಜನ ಹತ್ತಿರ ಬರುತ್ತಾರೆ. ಗಂಗೋತ್ರಿ ಅಂದರೆ ಮಾನಸಗಂಗೋತ್ರಿ, ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ಸು. ನಾನೂ ಹಾಗೆ ಓಡಿ ಹೋಗಿದ್ದೇನೆ. ಹ್ಯಾಂಬರ್ಗಿನಲ್ಲಿ ದೀಪಾವಳಿಗೋ ರಾಜ್ಯೋತ್ಸವಕ್ಕೋ ಬಾಡಿಗೆಗೆ ತೆಗೆದುಕೊಂಡ ಯಾವುದೋ ಹಾಲ್‌ನಲ್ಲಿ, ಗುರುತೇ ಇಲ್ಲದವರ ಜೊತೆ ಒಂದೇ ಕ್ಷಣದಲ್ಲಿ ಸಲುಗೆ ಬಂದುಬಿಡುತ್ತದೆ. ಆಮೇಲೆ ಹತ್ತು ನಿಮಿಷ ಜೋರು ಮಾತು. ಕುಕ್ಕರಹಳ್ಳಿ ಕೆರೆ ಆಯಿತು, ರೌಂಡ್ ಕ್ಯಾಂಟೀನ್ ಆಯಿತು, ದಸರಾಕ್ಕೆ ಮುಂಚೆ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮದ ನೂಕುನುಗ್ಗಲು ಆಯಿತು. ಆಮೇಲೆ? ಆಮೇಲೆ ಏನೂ ಇಲ್ಲ. ಇಬ್ಬರೂ ಸುಮ್ನೆ ನಗುತ್ತಾ ನಿಂತಿರುತ್ತೇವೆ, ಯಾರಾದರೂ ಮೂರನೆಯವರು ಬಂದು ಬಿಡಿಸಲಿ ಅಂತ ಕಾಯುತ್ತಾ.

ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಅಷ್ಟು ಖುಷಿ ಎಲ್ಲಿಂದ ಬಂತು, ಅಷ್ಟು ಬೇಗ ಎಲ್ಲಿಗೆ ಹೋಯಿತು? ಒಂದೇ ಯೂನಿವರ್ಸಿಟಿಯಲ್ಲಿ ಓದಿದ್ದೇವೆ ಅನ್ನುವಾಗ ನಾವು ನಿಜಕ್ಕೂ ಏನನ್ನು ಹಂಚಿಕೊಂಡಿದ್ದೇವೆ?

ಹೆಮ್ಮೆಗಂತೂ ಕಡಿಮೆ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ. ಹ್ಯಾಂಬರ್ಗ್ ವಿಶ್ವವಿದ್ಯಾನಿಲಯ 1919ರಲ್ಲಿ. ಯುರೋಪಿನ ಯೂನಿವರ್ಸಿಟಿ ಅಂದರೆ ಎಲ್ಲವೂ ಕ್ರಿಸ್ತಪೂರ್ವದವು ಅಂತ ನಾವು ಅಂದುಕೊಂಡಿರುತ್ತೇವಲ್ಲ, ಲ್ಯಾಬಿನಲ್ಲಿ ಒಮ್ಮೆ ನಾನು "ನಿಮ್ಮದಕ್ಕಿಂತ ನಮ್ಮದು ಮೂರು ವರ್ಷ ದೊಡ್ಡದು" ಅಂದಾಗ ಇಲ್ಲಿಯವರು ಫೋನ್ ತೆಗೆದು ಹುಡುಕಿ ನೋಡಿದರು! ನಮ್ಮ ಕೂಟಗಳಲ್ಲಿ ರಾಧಾಕೃಷ್ಣನ್ ಅವರ ಕಥೆಯೂ ಒಮ್ಮೆಯಾದರೂ ಬರಲೇಬೇಕು. 1921ರಲ್ಲಿ ಅವರು ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ, ತಾವೇ ಸಾರೋಟು ಎಳೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಬಿಟ್ಟರು ಅನ್ನುವ ಕಥೆ. ಹೇಳುವವರು ತಾವೇ ಒಂದು ಕಡೆ ಹೆಗಲು ಕೊಟ್ಟಿದ್ದ ಹಾಗೆ ಹೇಳುತ್ತಾರೆ. ಚೆನ್ನಾಗಿರುತ್ತದೆ ಕೇಳೋಕೆ. ಆದರೆ ಅದು ನಮ್ಮ ನೆನಪಲ್ಲ, ನಮಗೆ ಬಳುವಳಿಯಾಗಿ ಬಂದಿದ್ದು. ನಮ್ಮದೇ ನೆನಪು ಕಡಿಮೆ ಬಿದ್ದಾಗ ಇಂಥದ್ದು ಜಾಸ್ತಿ ಹೊರಗೆ ಬರುತ್ತದೆ ಅಂತ ನನ್ನ ಅನುಮಾನ.

ರವೆ, ಬೆಲ್ಲ, ಅಗರ್

ನನ್ನ ಗಂಗೋತ್ರಿ ಬಹಳ ಚಿಕ್ಕದು. ಹುಣಸೂರು ಕಡೆಯಿಂದ ಬಂದ ಹುಡುಗಿ, ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ. ಬೆಳಿಗ್ಗೆ ಹಾಸ್ಟೆಲ್ ಬಿಟ್ಟರೆ ಡಿಪಾರ್ಟ್‌ಮೆಂಟು, ಡಿಪಾರ್ಟ್‌ಮೆಂಟು ಬಿಟ್ಟರೆ ಲೈಬ್ರರಿ, ಗೇಟು ಹಾಕುವುದರೊಳಗೆ ಮತ್ತೆ ಹಾಸ್ಟೆಲ್. ಮರಗಳ ಮಧ್ಯೆ ಉದ್ದಕ್ಕೆ ಹರಡಿಕೊಂಡಿರುವ ಅಷ್ಟು ದೊಡ್ಡ ಕ್ಯಾಂಪಸ್ಸಿನಲ್ಲಿ ನಾನು ಓಡಾಡಿದ್ದು ಒಂದು ತ್ರಿಕೋನದಲ್ಲಿ ಅಷ್ಟೇ. ಫಿಸಿಕ್ಸ್‌ನವರು ಹೇಗಿರುತ್ತಾರೆ ಅಂತಲೇ ಗೊತ್ತಿರಲಿಲ್ಲ.

ನಮ್ಮ ವಿಭಾಗದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಡ್ರೊಸೊಫಿಲಾ ಅಂದರೆ ಬಾಳೆಹಣ್ಣು ಕಳಿತರೆ ಮುತ್ತಿಕೊಳ್ಳುತ್ತವಲ್ಲ, ಆ ಸಣ್ಣ ನೊಣ. ತಳಿಶಾಸ್ತ್ರದ ಅರ್ಧ ಪಾಠ ನಿಂತಿರುವುದೇ ಅದರ ಮೇಲೆ. ದೇಶದ ಬೇರೆ ಬೇರೆ ಲ್ಯಾಬುಗಳಿಗೆ ಬೇಕಾದ ತಳಿಗಳನ್ನು ಅಲ್ಲಿ ಬಾಟಲಿಗಳಲ್ಲಿ ಸಾಕಿ ಇಟ್ಟಿರುತ್ತಾರೆ. ಸಾಕಬೇಕು ಅಂದರೆ ಊಟ ಹಾಕಬೇಕಲ್ಲ. ರವೆ, ಬೆಲ್ಲ, ಅಗರ್ ಅಗರ್ ಹಾಕಿ ಕುದಿಸಿ, ಬೂಸ್ಟು ಹಿಡಿಯದ ಹಾಗೆ ಕೊನೆಗೆ ಪ್ರೊಪಿಯಾನಿಕ್ ಆಮ್ಲ ಬೆರೆಸಿ, ಬಿಸಿ ಇರುವಾಗಲೇ ಬಾಟಲಿಗೆ ಸುರಿಯಬೇಕು. ನೋಡೋಕೆ ಥೇಟ್ ಕೇಸರಿಬಾತ್. ಬೆಲ್ಲ ಕರಗುವವರೆಗೆ ವಾಸನೆಯೂ ಅದೇ, ಹೊಟ್ಟೆ ಹಸಿಯುತ್ತದೆ. ಆಮ್ಲ ಬಿದ್ದ ಕೂಡಲೇ ಮೂಗು ಮುಚ್ಚಿಕೊಳ್ಳಬೇಕು. ಪ್ರಾಕ್ಟಿಕಲ್ ದಿನ ನೊಣಗಳಿಗೆ ಈಥರ್ ಕೊಟ್ಟು ಮಲಗಿಸಿ, ಬಿಳಿ ಹಾಳೆ ಮೇಲೆ ಕುಂಚದಿಂದ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಮಾಡಿ ಎಣಿಸುತ್ತಿದ್ದೆವು. ಮಧ್ಯಾಹ್ನದ ಊಟ ಆದಮೇಲೆ ಆ ಈಥರ್ ವಾಸನೆಗೆ ನೊಣಕ್ಕಿಂತ ಮೊದಲು ನಮಗೆ ತೂಕಡಿಕೆ ಬರುತ್ತಿತ್ತು.

ಈಗ ಇಲ್ಲೂ ನನ್ನ ಕೆಲಸ ಅದೇ ನೊಣಗಳ ಜೊತೆ. ಇಲ್ಲಿ ರವೆ ಇಲ್ಲ, ಮೆಕ್ಕೆಜೋಳದ ಹಿಟ್ಟು, ಯೀಸ್ಟು, ಬೆಲ್ಲದ ಬದಲು ಸಕ್ಕರೆ ಬೀಟಿನ ಕಪ್ಪು ಪಾಕ. ಈಥರ್ ಬದಲು ಕಾರ್ಬನ್ ಡೈ ಆಕ್ಸೈಡ್. ತೂಕಡಿಕೆ ಬರುವುದಿಲ್ಲ. ಈ ವಿಷಯ ನಾನು ಕನ್ನಡ ಕೂಟದಲ್ಲಿ ಯಾರಿಗೆ ಹೇಳಲಿ? ಸಿಕ್ಕ ಮೈಸೂರಿನವರೆಲ್ಲ ಬಿಕಾಂ, ಬಿಸಿಎ. ಒಬ್ಬರು ಯುವರಾಜಾ ಕಾಲೇಜು, ಗಂಗೋತ್ರಿಗೆ ಬಂದಿದ್ದೇ ಕೆರೆ ನೋಡೋಕೆ. ನನ್ನ ವಿದ್ಯಾರ್ಥಿ ಜೀವನ ಅಂದರೆ ಆ ಬೆಲ್ಲದ ವಾಸನೆ. ಅವರದು ಕಾಳಿದಾಸ ರಸ್ತೆಯ ಸಂಜೆಗಳು. ಇಬ್ಬರಿಗೂ ಸಿಕ್ಕಿದ್ದು ಒಂದೇ ಗಂಡಭೇರುಂಡದ ಮುದ್ರೆ, 'ನ ಹಿ ಜ್ಞಾನೇನ ಸದೃಶಂ' ಅನ್ನುವ ಒಂದೇ ಸಾಲು. ಹತ್ತು ನಿಮಿಷಕ್ಕಿಂತ ಜಾಸ್ತಿ ಮಾತಾಡಲು ಅಷ್ಟು ಸಾಲುವುದಿಲ್ಲ.

ಮೈಸೂರು ನೋಡದ ಮೈಸೂರಿನವರು

ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ. ಎಂಬತ್ತು ದಾಟಿದ್ದಾರೆ. ಸುಯೆಜ್ ಕಾಲುವೆ ದಾಟಿ ಬೊಂಬಾಯಿಯಿಂದ ಜಿನೋವಾಗೆ ಹಡಗಿನಲ್ಲಿ, ಅಲ್ಲಿಂದ ರೈಲಿನಲ್ಲಿ ಜರ್ಮನಿಗೆ ಬಂದ ಕಾಲದವರು. ಅವರ ಡಿಗ್ರಿ 1963ರದ್ದು, ಮೈಸೂರು ವಿಶ್ವವಿದ್ಯಾನಿಲಯದ್ದು, ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ ನೇತುಹಾಕಿದ್ದಾರೆ. ಆದರೆ ಅವರು ಮೈಸೂರಲ್ಲಿ ಓದಿದವರೇ ಅಲ್ಲ! ಬೆಂಗಳೂರಿನ ಕೆ.ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಈಗ ಯುವಿಸಿಇ ಅಂತೀವಲ್ಲ, ಅದು. ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೇ 1964ರಲ್ಲಿ, ಅಲ್ಲಿಯವರೆಗೆ ಆ ಕಾಲೇಜೂ ಸೆಂಟ್ರಲ್ ಕಾಲೇಜೂ ಎಲ್ಲ ಮೈಸೂರಿನ ಕೆಳಗೇ ಇದ್ದವು. ಅವರು ಮೈಸೂರಿಗೆ ಹೋಗುತ್ತಿದ್ದಿದ್ದು ದಸರಾ ನೋಡೋಕೆ, ನೆಂಟರ ಮನೆಗೆ. ಮಾನಸಗಂಗೋತ್ರಿ 1960ರಲ್ಲಿ ಶುರುವಾಯಿತು, ಕುವೆಂಪು ಹೆಸರಿಟ್ಟರು ಅನ್ನುವುದನ್ನು ಅವರು ಪೇಪರಿನಲ್ಲಿ ಓದಿದ್ದರಂತೆ ಅಷ್ಟೇ.

ಮೊದಲ ಸಲ ಇದು ಗೊತ್ತಾದಾಗ ನನಗೆ ಸ್ವಲ್ಪ ಮೋಸ ಹೋದ ಹಾಗೆ ಅನಿಸಿತು. ಕೂಟದಲ್ಲಿ ಮೈಸೂರ್ ಯೂನಿವರ್ಸಿಟಿ ಅಂತ ಎಲ್ಲರಿಗಿಂತ ಜೋರಾಗಿ ಹೇಳುವವರು ಅವರೇ ಆಗಿದ್ದರು. ಆಮೇಲೆ ಒಂದು ಭಾನುವಾರ ಅವರ ಮನೆಯಲ್ಲಿ ನಡೆದ ಮಾತು ಕೇಳಿ ನನ್ನ ಲೆಕ್ಕ ಬದಲಾಯಿತು.

ಅವತ್ತು ಹಾಸನದ ಹುಡುಗನೊಬ್ಬ ಬಂದಿದ್ದ. ಹೇಮಗಂಗೋತ್ರಿಯಲ್ಲಿ, ಅಂದರೆ ಮೈಸೂರು ವಿಶ್ವವಿದ್ಯಾನಿಲಯದ ಹಾಸನದ ಕೇಂದ್ರದಲ್ಲಿ, ಎಂಎಸ್ಸಿ ಮುಗಿಸಿ ಇಲ್ಲಿ ಇನ್ನೊಂದು ಮಾಸ್ಟರ್ಸ್‌ಗೆ ಸೇರಿದ್ದಾನೆ. ವರ್ಷಕ್ಕೆ 11,904 ಯುರೋ ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಕಟ್ಟಿ, ತಿಂಗಳಿಗೆ 992ರಂತೆ ಅದನ್ನೇ ವಾಪಸ್ ತೆಗೆದುಕೊಂಡು ಬದುಕುವ ಹೊಸ ತಲೆಮಾರು. ದುಡ್ಡು ಅಪ್ಪನ ಹೆಸರಿನ ಸಾಲದ್ದು. ಅವನು ಹೇಳಿದ್ದು ಹೀಗೆ. ಅವನ ಮಾರ್ಕ್ಸ್ ಕಾರ್ಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಅವನು ಮುಗಿಸುವ ಹೊತ್ತಿಗೆ ಹೇಮಗಂಗೋತ್ರಿಯೇ ಹಾಸನ ವಿಶ್ವವಿದ್ಯಾನಿಲಯ ಆಯಿತು. ಅವನ ತಂಗಿ ಅದೇ ಕಟ್ಟಡ, ಅದೇ ಮೇಷ್ಟರು, ಅದೇ ಬೆಂಚು, ಆದರೆ ಕಾರ್ಡಿನ ಮೇಲೆ ಬೇರೆ ಹೆಸರು. ಅದೂ ಎಷ್ಟು ದಿನ ಇರುತ್ತದೋ ಗೊತ್ತಿಲ್ಲ, 2025ರಲ್ಲಿ ಈ ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತು ಸರ್ಕಾರದಲ್ಲೇ ಬಂತು. ಜರ್ಮನಿಯವರು ವಿದೇಶಿ ಡಿಗ್ರಿಗಳನ್ನು ಅನಾಬಿನ್ ಅನ್ನುವ ಪಟ್ಟಿಯಲ್ಲಿ ಹುಡುಕುತ್ತಾರೆ. ಯೂನಿವರ್ಸಿಟಿ ಹೆಸರಿನ ಮುಂದೆ 'ಎಚ್ ಪ್ಲಸ್' ಅಂತ ಇದ್ದರೆ ಬದುಕಿದೆವು. ತಂಗಿ ಅರ್ಜಿ ಹಾಕುವ ಹೊತ್ತಿಗೆ ಹೊಸ ಹೆಸರು ಆ ಪಟ್ಟಿಯಲ್ಲಿ ಇರುತ್ತಾ, ಇಲ್ಲದಿದ್ದರೆ ಏನು ಗತಿ ಅನ್ನುವುದು ಅವನ ಚಿಂತೆ.

ಹಿರಿಯರು ಕಾಫಿ ಲೋಟ ಇಟ್ಟು, "ನಮ್ಮನೇಲೂ ಇದೇ ಕಥೆ ಕಣಪ್ಪ" ಅಂದರು. ಅವರ ತಮ್ಮನೂ ಅದೇ ಕಾಲೇಜು. ಅದೇ ಡ್ರಾಯಿಂಗ್ ಹಾಲು, ಅಣ್ಣನದೇ ಹಳೆಯ ಡ್ರಾಯಿಂಗ್ ಬೋರ್ಡು. ಅಣ್ಣ ಮೈಸೂರು ಗ್ರ್ಯಾಜುಯೇಟ್, ತಮ್ಮ ಬೆಂಗಳೂರು ಗ್ರ್ಯಾಜುಯೇಟ್. ಮನೆಯಲ್ಲಿ ಅಪ್ಪ ಕೊನೆಯವರೆಗೂ ತಮ್ಮನ ಡಿಗ್ರಿಯನ್ನು ಒಂದು ಗುಲಗಂಜಿ ಕಡಿಮೆ ಅಂತಲೇ ನೋಡುತ್ತಿದ್ದರಂತೆ. "ಹೊಸ ಯೂನಿವರ್ಸಿಟಿ, ಯಾರು ಕೇಳ್ತಾರೆ" ಅಂತ. ಆ ತಮ್ಮ ಆಮೇಲೆ ಅಣ್ಣನಿಗಿಂತ ದೊಡ್ಡ ಹುದ್ದೆಗೆ ಹೋದರು, ಅದು ಬೇರೆ ಮಾತು. ಆ ಹುಡುಗ, ಈ ಹಿರಿಯರು, ನಡುವೆ ಅರವತ್ತು ವರ್ಷ. ಸಂಜೆ ಪೂರ್ತಿ ಅವರಿಬ್ಬರೇ ಮಾತಾಡಿದರು. 1980ರಲ್ಲಿ ಮಂಗಳೂರು ಬೇರೆಯಾಯಿತು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬಂತು, ಪ್ರತಿ ಸಲವೂ ಎಷ್ಟು ಮನೆಗಳಲ್ಲಿ ಅಣ್ಣ ಒಂದು ತಮ್ಮ ಒಂದು ಆಗಿರಬೇಕು ಅಂತ ಲೆಕ್ಕ ಹಾಕುತ್ತಾ ಕೂತರು. ಹತ್ತು ನಿಮಿಷದ ನಿಯಮ ಅವರಿಗೆ ಅನ್ವಯಿಸಲಿಲ್ಲ. ಇಬ್ಬರೂ ಗಂಗೋತ್ರಿಯ ಕೆರೆ ದಂಡೆಯಲ್ಲಿ ಒಂದು ದಿನವೂ ಕೂತವರಲ್ಲ.

ಸ್ಟೈನ್‌ಡಾಮ್‌ನಲ್ಲಿ ಸಿಕ್ಕವಳು

ನನ್ನ ಗಂಗೋತ್ರಿ ಗೊತ್ತಿರುವವರು ಸಿಕ್ಕಿದ್ದು ಕನ್ನಡ ಕೂಟದಲ್ಲಲ್ಲ. ಹ್ಯಾಂಬರ್ಗಿನ ಮುಖ್ಯ ರೈಲ್ವೆ ಸ್ಟೇಷನ್ ಹಿಂದೆ ಸ್ಟೈನ್‌ಡಾಮ್ ಅಂತ ಒಂದು ಬೀದಿ. ಇರಾನಿ, ಆಫ್ಘಾನಿ, ಟರ್ಕಿ ಅಂಗಡಿಗಳ ಸಾಲು. ಅಲ್ಲಿ ಕೊತ್ತಂಬರಿ ಸೊಪ್ಪು ದೊಡ್ಡ ದೊಡ್ಡ ಕಟ್ಟಿನಲ್ಲಿ ಸಿಗುತ್ತದೆ, ಅದಕ್ಕೇ ಹೋಗುವುದು. ಅಮ್ಮನ ಜೊತೆ ಫೋನಿನಲ್ಲಿ ಜೋರಾಗಿ ಮಾತಾಡುತ್ತಾ ಸೊಪ್ಪು ಆರಿಸುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಫೋನ್ ಇಟ್ಟ ಕೂಡಲೇ ಕೇಳಿದಳು: "ಕನ್ನಡಾನಾ?"

ಟೆಹ್ರಾನಿನವಳು. ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮಾಡಿದವಳು. ಆ ವರ್ಷಗಳಲ್ಲಿ ಮೈಸೂರಲ್ಲಿ ಇರಾನಿನ ವಿದ್ಯಾರ್ಥಿಗಳು ಎಷ್ಟು ಜನ ಇದ್ದರು ಅಂತ ಓದುವವರಲ್ಲಿ ಕೆಲವರಿಗಾದರೂ ನೆನಪಿರುತ್ತದೆ. ಸರಸ್ವತಿಪುರಂನಲ್ಲಿ ಮನೆ ಬಾಡಿಗೆಗೆ ತೆಗೆದುಕೊಂಡು ಇರುತ್ತಿದ್ದರು, ಬೈಕಿನಲ್ಲಿ ಓಡಾಡುತ್ತಿದ್ದರು. ಅವಳು ನನ್ನ ಡಿಪಾರ್ಟ್‌ಮೆಂಟಿನವಳಲ್ಲ, ಆದರೆ ಯಾವುದೋ ಉಪಕರಣಕ್ಕೆ ಅಂತ ನಮ್ಮ ಕಡೆಗೂ ಬರುತ್ತಿದ್ದಳಂತೆ. "ನಿಮ್ಮ ಕಾರಿಡಾರಿನಲ್ಲಿ ಏನೋ ಸಿಹಿ ಮಾಡುತ್ತಿದ್ದರು. ಆಮೇಲೆ ಅದನ್ನ ಹಾಳು ಮಾಡುತ್ತಿದ್ದರು" ಅಂದಳು. ನಾನು ಸೊಪ್ಪಿನ ಕಟ್ಟು ಹಿಡಿದುಕೊಂಡು ಬಿದ್ದು ಬಿದ್ದು ನಕ್ಕೆ. ಅಂಗಡಿಯವನಿಗೆ ನಾವಿಬ್ಬರೂ ಹಳೇ ಗೆಳತಿಯರು ಅನಿಸಿರಬೇಕು. ಎಷ್ಟೋ ಸಲ ಎದುರುಬದುರು ಹಾದು ಹೋಗಿರುತ್ತೇವೆ, ಅಲ್ಲಿ ಒಂದು ಮಾತೂ ಆಡಿರಲಿಲ್ಲ.

ಆಮೇಲೆ ಒಂದು ನವೆಂಬರ್ ಮಧ್ಯಾಹ್ನ ಇಬ್ಬರೂ ಆಲ್‌ಸ್ಟರ್ ಸರೋವರದ ಸುತ್ತ ನಡೆಯುತ್ತಿದ್ದೆವು. ಅಲ್ಲಿಯ ಹಂಸಗಳನ್ನು ಚಳಿಗಾಲ ಬರುವ ಮುಂಚೆ ದೋಣಿಯಲ್ಲಿ ಹಾಕಿಕೊಂಡು ಬೇರೆ ಕೊಳಕ್ಕೆ ಸಾಗಿಸುತ್ತಾರೆ. ಅದಕ್ಕೆ ಅಂತಲೇ ನಗರದ ಕಡೆಯಿಂದ ಒಬ್ಬ ನೌಕರ, 'ಹಂಸಗಳ ಅಪ್ಪ' ಅಂತ ಅವನ ಹೆಸರು. ನೀರು ಖಾಲಿ ಖಾಲಿ. ಅವಳು ಕುಕ್ಕರಹಳ್ಳಿ ಕೆರೆಯ ಪೆಲಿಕನ್‌ಗಳ ಬಗ್ಗೆ ಮಾತು ತೆಗೆದಳು. ಯಾವ ತಿಂಗಳು ಜಾಸ್ತಿ ಇರುತ್ತವೆ, ಯಾವ ಮರದ ಮೇಲೆ ಕೂರುತ್ತವೆ, ದಂಡೆಯ ಮೇಲೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಯಾವ ಮೇಷ್ಟರು ವಾಕಿಂಗ್ ಬರುತ್ತಿದ್ದರು, ಎಲ್ಲ ಗೊತ್ತು ಅವಳಿಗೆ. ನನಗಿಂತ ಚೆನ್ನಾಗಿ ಗೊತ್ತು. ಹೊರಗಿನವರು ಒಂದು ಊರನ್ನು ಹೇಗೆ ನೋಡುತ್ತಾರೆ ಅಂತ ನಾನೂ ಹೊರಗಿನವಳಾದ ಮೇಲೆ ಅರ್ಥವಾಗಿದೆ. ಹ್ಯಾಂಬರ್ಗಿನ ಹಂಸಗಳ ವಿಷಯ ನನಗೆ ಗೊತ್ತು, ನನ್ನ ಲ್ಯಾಬಿನ ಹ್ಯಾಂಬರ್ಗಿನವರಿಗೆ ಅಷ್ಟು ಗೊತ್ತಿಲ್ಲ. ಹುಟ್ಟಿದ ಊರಲ್ಲಿ ಯಾರೂ ಕೆರೆಯ ಹಕ್ಕಿ ಎಣಿಸುವುದಿಲ್ಲ.

ಅವಳು ಹೇಳಿದ್ದರಲ್ಲಿ ನನಗೆ ಹೊಸದಾಗಿದ್ದು ಮೈಸೂರಿನಲ್ಲಿ ಅವಳ ಕಾಗದಪತ್ರದ ಬದುಕು. ಬಂದ 14 ದಿನದೊಳಗೆ ಪೊಲೀಸರ ಹತ್ತಿರ ಹೆಸರು ನೋಂದಾಯಿಸಬೇಕಿತ್ತು. ವೀಸಾ ಮುಗಿಯುವ ಮುಂಚೆ ಗೈಡಿನ ಪತ್ರ, ಯೂನಿವರ್ಸಿಟಿಯ ಪತ್ರ, ಮನೆ ಮಾಲೀಕರ ಪತ್ರ. ಮನೆ ಬದಲಾದರೆ ಮತ್ತೆ ಹೋಗಬೇಕಿತ್ತು. ಶುಲ್ಕ ನಮಗಿಂತ ಬಹಳ ಜಾಸ್ತಿ. 2012ರಲ್ಲಿ ನಿರ್ಬಂಧಗಳಿಂದ ಇರಾನಿನ ಬ್ಯಾಂಕುಗಳಿಗೆ ಹೊರಗಿನ ಸಂಪರ್ಕ ಕಡಿದುಹೋಯಿತು, ಆ ವರ್ಷದ ಕೊನೆಯ ಹೊತ್ತಿಗೆ ರಿಯಾಲ್ ಬೆಲೆ ಕುಸಿದು ಬಿತ್ತು. ಅಪ್ಪ ಕಳಿಸುವ ಅದೇ ದುಡ್ಡು ಮೈಸೂರಿಗೆ ಬರುವಷ್ಟರಲ್ಲಿ ಅರ್ಧವೂ ಇರುತ್ತಿರಲಿಲ್ಲ, ಅದೂ ಯಾರೋ ಊರಿಂದ ಬರುವವರ ಕೈಯಲ್ಲಿ ನೋಟಾಗಿ ಬರಬೇಕಿತ್ತು. ಅವಳ ಜೊತೆಯವರಲ್ಲಿ ಕೆಲವರು ಥೀಸಿಸ್ ಅರ್ಧಕ್ಕೆ ಬಿಟ್ಟು ಹೋದರಂತೆ. ಅವಳು ಫ್ರಿಜ್ ಮಾರಿ, ಸ್ಕೂಟರ್ ಮಾರಿ ಮುಗಿಸಿದಳು. ಇದೆಲ್ಲ ನಡೆಯುತ್ತಿದ್ದ ಊರನ್ನೇ ನಾನೂ ನನ್ನ ವಿದ್ಯಾರ್ಥಿ ಜೀವನದ ಊರು ಅಂತೀನಿ. ಹಾಸ್ಟೆಲ್ ಊಟದಲ್ಲಿ ಉಪ್ಪು ಜಾಸ್ತಿ ಅನ್ನುವುದು ನಮ್ಮ ದೊಡ್ಡ ಚರ್ಚೆಯಾಗಿತ್ತು.

ಈಗ ನಾನು ಇಲ್ಲಿ ವಿದೇಶಿಯರ ಕಚೇರಿಯ ಮುಂದೆ ಫೈಲು ಹಿಡಿದು ಕೂರುತ್ತೇನೆ. ಯಾವ ಕಾಗದ ಮೇಲಿರಬೇಕು, ಯಾವುದರ ಎರಡು ಪ್ರತಿ ಬೇಕು ಅಂತ ಹೇಳಿಕೊಟ್ಟಿದ್ದು ಅವಳೇ. "ಮೈಸೂರಲ್ಲಿ ಕಲಿತಿದ್ದು" ಅನ್ನುತ್ತಾಳೆ.

ಬಾರದವರು

ಇನ್ನೊಂದು ವಿಷಯ. ಪರದೇಶದಲ್ಲಿ ಸಿಗುವ ಸಹಪಾಠಿಗಳಿಂದ ನಮ್ಮ ಯೂನಿವರ್ಸಿಟಿ ಹೇಗಿತ್ತು ಅಂತ ಅಂದಾಜು ಮಾಡಿದರೆ ಅಲ್ಲಿ ಬರೀ ವಿಜ್ಞಾನ, ಕಂಪ್ಯೂಟರು, ಕಾಮರ್ಸ್ ಇತ್ತು ಅನಿಸುತ್ತದೆ. ವೀಸಾ ಓದಿದ ವಿಷಯ ನೋಡಿ ಸಿಗುತ್ತದೆ. ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಓದಿದವರು ಹ್ಯಾಂಬರ್ಗಿಗೆ ಯಾಕೆ ಬರುತ್ತಾರೆ?

ನನ್ನ ಹಾಸ್ಟೆಲ್ ರೂಮಿನಲ್ಲಿದ್ದವಳು ಜಾನಪದ ಎಂಎ. ಚಾಮರಾಜನಗರದ ಕಡೆಯವಳು. ಅವಳ ತಾತ ನೀಲಗಾರರ ಮೇಳದಲ್ಲಿ ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುತ್ತಿದ್ದವರು. ಮನೆಯಲ್ಲಿ ನಿದ್ದೆಗಣ್ಣಲ್ಲಿ ಕೇಳಿ ಬೆಳೆದ ಪದವನ್ನು ಇಲ್ಲಿ ಪುಸ್ತಕದಲ್ಲಿ ಓದಿ, ಅದಕ್ಕೆ ಪರೀಕ್ಷೆ ಬರೆಯಬೇಕಿತ್ತು ಅವಳು. ಒಂದು ಪ್ರಶ್ನೆಗೆ ಕಡಿಮೆ ಅಂಕ ಬಂದಾಗ "ನಮ್ ತಾತ ಹಾಡೋದು ಹೀಗಲ್ಲ, ಪುಸ್ತಕದಲ್ಲಿರೋದೇ ತಪ್ಪು" ಅಂತ ರಾತ್ರಿಯೆಲ್ಲ ಜಗಳವಾಡಿದಳು, ನನ್ನ ಜೊತೆ, ನಾನೇನೋ ಪುಸ್ತಕ ಬರೆದವಳ ಹಾಗೆ. ಆಮೇಲೆ ಲೈಟ್ ಆರಿಸಿ ತಾತ ಹಾಡುವ ಹಾಗೆ ಹಾಡಿ ತೋರಿಸಿದಳು. ಪಕ್ಕದ ರೂಮಿನವರು ಗೋಡೆ ಬಡಿದರು, ಆಮೇಲೆ ಬಡಿಯುವುದು ನಿಲ್ಲಿಸಿ ನಮ್ಮ ರೂಮಿಗೇ ಬಂದು ಕೂತರು. ಜಯಲಕ್ಷ್ಮೀ ವಿಲಾಸದ ಜಾನಪದ ವಸ್ತು ಸಂಗ್ರಹಾಲಯಕ್ಕೆ ಎಳೆದುಕೊಂಡು ಹೋಗಿ, ತೊಗಲು ಗೊಂಬೆಗಳ ಮುಂದೆ ನಿಲ್ಲಿಸಿ, ಇದು ಇಂಥ ಕಡೆಯದು, ಇದರ ಚರ್ಮ ಹೀಗೆ ಹದ ಮಾಡುತ್ತಾರೆ ಅಂತ ಪಾಠ ಮಾಡಿದ್ದಳು. ನನ್ನ ತ್ರಿಕೋನ ಸ್ವಲ್ಪ ದೊಡ್ಡದಾಗಿದ್ದು ಅವಳಿಂದಲೇ.

ಈಗ ಅವಳು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಎಷ್ಟೋ ವರ್ಷದಿಂದ ಅತಿಥಿ. ಕೆಲಸ ಕಾಯಂ ಮಾಡಿ ಅಂತ 2023ರ ಕೊನೆಯಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ ತರಗತಿ ಬಿಟ್ಟು ಧರಣಿ ಕೂತಾಗ ಅವಳೂ ಕೂತಿದ್ದಳು. ನಮ್ಮ ಕೂಟಗಳ ಫೋಟೋ ಕಳಿಸಿದರೆ "ಎಲ್ಲಾ ಸೈನ್ಸೇ ಏನೇ?" ಅಂತ ಕೇಳುತ್ತಾಳೆ. ಪರದೇಶದ ಹಳೇ ವಿದ್ಯಾರ್ಥಿಗಳ ಕೂಟ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಅವಳ ಈ ಪ್ರಶ್ನೆಯನ್ನೇ ಹೇಳುತ್ತೇನೆ.

ಗುಂಪಿಗೆ ಸೇರಿಸುವ ಗಲಾಟೆ

ಇಷ್ಟೆಲ್ಲ ಬರೆಯಲು ಕಾರಣವಾಗಿದ್ದು ಮೊನ್ನೆಯ ಒಂದು ಸಣ್ಣ ಗಲಾಟೆ. ನಮ್ಮದೊಂದು ವಾಟ್ಸಾಪ್ ಗುಂಪಿದೆ, ಮೈಸೂರು ವಿಶ್ವವಿದ್ಯಾನಿಲಯದ ಹಳೇ ವಿದ್ಯಾರ್ಥಿಗಳದ್ದು. ಅದಕ್ಕೆ ನನ್ನ ಇರಾನಿ ಗೆಳತಿಯನ್ನು ಸೇರಿಸಬೇಕು ಅಂತ ಕೇಳಿದೆ. ಒಬ್ಬರು "ಸೇರಿಸಬಹುದು, ಆದರೆ ಇದು ಕನ್ನಡದವರ ಗುಂಪಲ್ವಾ" ಅಂದರು. ಇನ್ನೊಬ್ಬರು ಹೆಬ್ಬೆರಳು ಒತ್ತಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವಳು ಬಂದರೆ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ, ಕನ್ನಡದಲ್ಲಿ ಹರಟುವ ಇರೋದೊಂದು ಜಾಗವೂ ಹೋಗುತ್ತದೆ ಅನ್ನುವ ಭಯ. ಅದು ನನಗೂ ಅರ್ಥವಾಗುತ್ತದೆ. ಆದರೆ ಹೆಸರು ಬದಲಾಯಿಸಿ ಹಾಗಾದರೆ. ಕನ್ನಡ ಕೂಟ ಬೇರೆ ಇದೆ, ಇದು ಯೂನಿವರ್ಸಿಟಿಯ ಗುಂಪು. ಈ ಗುಂಪಿನಲ್ಲಿ ಗಂಗೋತ್ರಿಯಲ್ಲಿ ಅತಿ ಹೆಚ್ಚು ವರ್ಷ ಕಳೆದವಳು ಅವಳೇ ಆಗುತ್ತಿದ್ದಳು.

ಎರಡು ದಿನ ಯಾರೂ ಏನೂ ಬರೆಯಲಿಲ್ಲ. ಮೂರನೇ ದಿನ ಹಿರಿಯರ ಸಂದೇಶ ಬಂತು. "ನಾನು ಮೈಸೂರಲ್ಲಿ ಒಂದು ದಿನವೂ ಓದಿಲ್ಲ. ಮೊದಲು ನನ್ನ ತೆಗೀರಿ, ಆಮೇಲೆ ಆಕೆ ವಿಷಯ ಮಾತಾಡೋಣ." ಹಾಸನದ ಹುಡುಗ ಕೂಡಲೇ "ನನ್ನನ್ನೂ" ಅಂತ ಹಾಕಿ ನಗುವ ಮುಖ ಕಳಿಸಿದ.

ಅವಳು ಈಗ ಗುಂಪಿನಲ್ಲಿದ್ದಾಳೆ. ಬಂದ ದಿನವೇ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಳು: "ಎಲ್ಲಾರಿಗೂ ನಮಸ್ಕಾರ. ಟ್ರಾನ್‌ಸ್ಕ್ರಿಪ್ಟ್ ಅಂಚೆಯಲ್ಲಿ ತರಿಸೋಕೆ ಈಗ ಎಷ್ಟು ಕಟ್ಟಬೇಕು, ಯಾರಿಗೆ ಗೊತ್ತು?" ಮೂರು ಜನ ಮೂರು ಲೆಕ್ಕ ಹೇಳಿದರು. ಹಿರಿಯರು 1963ರ ಲೆಕ್ಕ ಹೇಳಿದರು.